ಅರವತ್ತನಾಲ್ಕು ಮೆಟ್ಟಿಲು

ಜೂನ್ 12. ಬೆಳಿಗ್ಗೆ 6.40

ಮೊಂಡುಗಾಲಿಗೆ ಎರಡು ಪದರ ಉಣ್ಣೆಯ ಚೀಲ, ಅದರ ಮೇಲೆ ಕೃತಕ ಕಾಲಿನ ಸಾಕೆಟ್ಟು. ಎದ್ದು ನಿಂತು ನೆಲಕ್ಕೆ ಎರಡು ಸಲ ಗುದ್ದಿದೆ. ಕಾಲು ಕೂತಿತು. ಹನ್ನೊಂದನೇ ವಯಸ್ಸಿಗೆ ಎಡಗಾಲು ಮೊಣಕಾಲಿನ ಕೆಳಗೆ ಬಸ್ಸಿನ ಚಕ್ರಕ್ಕೆ ಹೋದಾಗಿನಿಂದ ಬೆಳಗಿನ ಮೊದಲ ಕೆಲಸ ಇದೇ. ಇಪ್ಪತ್ತು ವರ್ಷದ ರೂಢಿ. ಮದುವೆಯಾಗಿ ಮಾತ್ರ ಹತ್ತೊಂಬತ್ತು ದಿನ. ಈಗ ಒಬ್ಬರು ಎದುರು ಕೂತು ನೋಡುತ್ತಿರುತ್ತಾರೆ, ಅದೊಂದೇ ಹೊಸದು. ನೋಟ ಗಂಡನದಲ್ಲ, ಕೆಲಸಗಾರನದು. ಈ ಕಾಲು ಮಾಡಿದ್ದೇ ಅವರಲ್ಲವೇ…

“ಬಲಕ್ಕೆ ಸ್ವಲ್ಪ ವಾಲ್ತಾ ಇದೆಯಾ?” ಎಂದರು.

“ಇಲ್ಲ ಸಾರ್.”

ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆ ಸದ್ದು ನಿಂತಿತು. ಕೃತಕ ಕಾಲಿನ ವರ್ಕ್‌ಶಾಪಿನಲ್ಲಿ ಮೂರು ವರ್ಷ ಸಾರ್ ಎಂದೇ ಕರೆದ ನಾಲಿಗೆ. ತಿರುಗಲು ಒಪ್ಪುತ್ತಿಲ್ಲ. ಅವರೂ “ನೀವು” ಬಿಟ್ಟಿಲ್ಲ. ನಮ್ಮ ಸರಸ ಕೇಳಿದವರು ಬ್ಯಾಂಕಿನ ಕೌಂಟರು ಎಂದುಕೊಂಡಾರು.

ಶಾಲೆಗೆ ಸೇರಿ ಎರಡನೇ ವಾರ. ಗಣಿತ, ಹತ್ತನೇ ತರಗತಿ. ಮೂರನೇ ಮಹಡಿ, ಅರವತ್ತನಾಲ್ಕು ಮೆಟ್ಟಿಲು. ಒಂದು ವರ್ಷ ಪ್ರೊಬೇಷನ್. ಹೆಡ್‌ಮಿಸ್ ಒಪ್ಪಿದರೆ ಕಾಯಂ.

ಹೊತ್ತಾಯಿತು.

ಜೂನ್ 30

ಸಂಜೆ ಬೇಗ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು — “ಕಾಲು ಮಾಡ್ಕೊಟ್ಟ, ಸರಿ. ಅಷ್ಟಕ್ಕೇ ನಿಲ್ಲಿಸ್ಬೋದಿತ್ತಲ್ಲ.”

ಜೋರಾಗಿ ಕೆಮ್ಮಿ ಒಳಗೆ ಬಂದೆ. ಟೀ ಬೇಕಾ ಎಂದರು. ಬೇಕು ಎಂದೆ. ಸಕ್ಕರೆ ಹಾಕಲು ಮರೆತಿದ್ದರು. ಕುಡಿದೆ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಮೂವರೂ ಕುಂಟಬೇಕಾಗುತ್ತದೆ.

ಆಗಸ್ಟ್ 21

ಡಾಕ್ಟರು ಹೌದು ಎಂದರು. ಆರು ವಾರ.

ನೇರ ವರ್ಕ್‌ಶಾಪಿಗೆ ಹೋದೆ. ಇವರು ಗ್ರೈಂಡರ್ ಮುಂದೆ. ಎರಡು ಸಲ ಹೇಳಿದೆ, ಕೇಳಿಸಲಿಲ್ಲ. ಮೆಷಿನ್ ಆಫ್ ಮಾಡಿದರು. ಮೂರನೇ ಸಲ ಹೇಳಿದ್ದು ಇಡೀ ವರ್ಕ್‌ಶಾಪಿಗೆ ಕೇಳಿಸಿತು.

ಹುಬ್ಬಿನ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಪುಡಿ. ಸ್ಟೂಲಿನ ಮೇಲೆ ಕೂತರು. ಎದ್ದರು. ಡ್ರಾಯರಿನಿಂದ ಟೇಪು ತೆಗೆದರು.

“ಈಗಿನ ಅಳತೆ ಬರ್ಕೋತೀನಿ. ಮೈ ತುಂಬಿಕೊಂಡ ಹಾಗೆ ಮೊಂಡೂ ಊದುತ್ತೆ. ಈ ಸಾಕೆಟ್ ಹಿಡಿಯಲ್ಲ. ಆಗಾಗ ಹೊಸದು ಮಾಡ್ಬೇಕಾಗುತ್ತೆ.”

ಅಪ್ಪನಾಗುತ್ತೀರಿ ಎಂದರೆ ಟೇಪು ಹುಡುಕುವ ಮನುಷ್ಯ. ಆದರೆ ಟೇಪನ್ನು ತಲೆಕೆಳಗಾಗಿ ಹಿಡಿದಿದ್ದರು. ಅಂಕಿ ಓದಲಾಗಲಿಲ್ಲ. ನಾನೇ ಬಗ್ಗಿ ಓದಿದೆ. ಮೂವತ್ತೊಂದು ಸೆಂಟಿಮೀಟರು.

ಸೆಪ್ಟೆಂಬರ್ 29. ಸಂಜೆ

ಹೆಡ್‌ಮಿಸ್ ಕರೆಸಿದರು. ಕೂರಿಸಿದರು. ನೀರು ಕೊಟ್ಟರು. ಅಷ್ಟು ಉಪಚಾರ ಮಾಡಿದಾಗಲೇ ಅನುಮಾನ ಬಂತು.

“ನಾಳೆಯಿಂದ ಕೆಳಗೆ ಆಫೀಸಲ್ಲೇ ಕೂತ್ಕೊಳ್ಳಿ. ಹಾಜರಾತಿ ಪುಸ್ತಕ ನೋಡ್ಕೊಂಡ್ರೆ ಸಾಕು. ಎಲ್ಲ ನಿಮ್ಮ ಒಳ್ಳೇದಕ್ಕೇ.”

“ನಾನು ಕೇಳಿಲ್ವಲ್ಲ ಮೇಡಂ.”

“ನಿಮ್ಮ ಯಜಮಾನ್ರು ಬಂದು ಕೇಳ್ಕೊಂಡ್ರಲ್ಲ.”

ನನ್ನ ಮೂವತ್ತೆಂಟು ಮಕ್ಕಳು ಇನ್ನು ಪಿ.ಟಿ. ಮೇಷ್ಟ್ರ ಪಾಲು. ಆ ಮೇಷ್ಟ್ರಿಗೆ ಎಣಿಸಿ ರೂಢಿಯಿರುವುದು ನಾಲ್ಕರವರೆಗೆ.

ಇವರು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಕೇಳಿದೆ. “ಯಾರನ್ನ ಕೇಳಿ ಹೋಗಿದ್ರಿ?”

“ನಿಮ್ಮ ಮೊಂಡಿನ ಮೇಲೆ ಗುಳ್ಳೆ ಎದ್ದಿದೆ. ದಿನಾ ಮೂರು ಸಲ ಹತ್ತಿಳೀತೀರಿ. ನಿಮಗೆ ಏನಾದ್ರೂ ಆದ್ರೆ…”

“ನನಗೆ ಆಗೋದೆಲ್ಲ ಚಿಕ್ಕ ವಯಸ್ಸಲ್ಲೇ ಆಗಿದೆ. ಆವತ್ತಿಂದ ಕಂಡೋರೆಲ್ಲ ನನ್ನನ್ನ ಕೂರ್ಸೋರೇ. ಎದ್ದು ನಿಲ್ಸಿದೋರು ನೀವೊಬ್ರು ಅಂದ್ಕೊಂಡಿದ್ದೆ.”

ಅವರ ಮುಖ ಬಾಡಿತು. ನೋಡಿ ಸಮಾಧಾನವಾಯಿತು. ಆ ಸಮಾಧಾನಕ್ಕೆ ಆಮೇಲೆ ನಾಚಿಕೆಯಾಯಿತು. ಆದರೂ ಮಾತಾಡಿಸುವುದಿಲ್ಲ.

ಅಕ್ಟೋಬರ್ 8

ಒಂಬತ್ತು ದಿನ ಮಾತಿಲ್ಲ. ಉಪ್ಪು ಬೇಕಾದರೂ ಅತ್ತೆಯ ಮೂಲಕ. “ಅವನಿಗೆ ಉಪ್ಪು ಬೇಕಂತೆ.” “ಕೊಡಿ ಅತ್ತೆ.” ಡಬ್ಬಿ ಇರುವುದು ನನಗೂ ಅವರಿಗೂ ನಡುವೆ ಗೇಣು ದೂರದಲ್ಲಿ.

ಇವತ್ತು ಬೀನ್ಸ್ ಬಿಡಿಸುತ್ತ ಅತ್ತೆ ಪಕ್ಕಕ್ಕೆ ಬಂದು ಕೂತರು. ಒಂದು ಹಿಡಿ ಮುಗಿಸಿ ಶುರು ಮಾಡಿದರು.

“ಇವನು ಹೊಟ್ಟೇಲಿದ್ದಾಗ ಗಾರ್ಮೆಂಟ್ಸಲ್ಲಿ ನನ್ನನ್ನೂ ಮೆಷಿನ್ನಿಂದ ಎಬ್ಬಿಸಿದ್ರು. ಕಾಲರ್ ಹೊಲಿಯೋದ್ರಲ್ಲಿ ಇಡೀ ಲೈನಿಗೆ ನಾನೇ ಮುಂದು. ಮಡಿಚೋ ಟೇಬಲ್ಲಿಗೆ ಕಳ್ಸಿದ್ರು. ಹೆರಿಗೆ ಆಗ್ಲಿ, ಮತ್ತೆ ಮೆಷಿನ್ ಕೊಡ್ತೀವಿ ಅಂದ್ರು.”

“ಕೊಟ್ರಾ?”

“ಇಪ್ಪತ್ತೆರಡು ವರ್ಷ ಅಂಗಿ ಮಡಿಚಿದೆ.”

ಮಗನನ್ನು ಕೂಗಿದರು. ಬಂದು ಬಾಗಿಲಲ್ಲಿ ನಿಂತರು, ಪಾಠ ಒಪ್ಪಿಸದ ಹುಡುಗನ ಹಾಗೆ.

“ನೀನೇ ಹೋಗಿ ಆಡಿ ಬಂದ ಮಾತು. ನೀನೇ ಹೋಗಿ ವಾಪಸ್ ತಗೊಂಡು ಬಾ.”

“ಅಷ್ಟು ಸುಲಭ ಅಲ್ಲಮ್ಮ.”

“ಆಡೋಕೆ ಸುಲಭ ಇತ್ತಲ್ಲ.”

ಅವರು ಹೋದ ಮೇಲೆ ಅತ್ತೆ ಬೀನ್ಸಿನ ಮೇಲೇ ಕಣ್ಣಿಟ್ಟು ಹೇಳಿದರು. “ನಾನೂ ಒಂದೆರಡು ಮಾತು ಆಡಿದೀನಿ. ನಿನ್ನ ಕಿವಿಗೆ ಬಿದ್ದಿದೆ ಅಂತ ಗೊತ್ತು. ಆವತ್ತು ಟೀಗೆ ಸಕ್ಕರೆ ಇರ್ಲಿಲ್ಲ. ಸುಮ್ನೆ ಕುಡಿದೆ ನೀನು.”

ನಾನೂ ಬೀನ್ಸ್ ಬಿಡಿಸಿದೆ. ಮೂರು ಹೊತ್ತಿಗಾಗುವಷ್ಟು ಬಿಡಿಸಿಬಿಟ್ಟೆವು.

ಅಕ್ಟೋಬರ್ 11

ಇವರು ಹೋಗಿ ಮಾತು ವಾಪಸ್ ತಂದರು. ಮತ್ತೆ ಮೇಲೆ. ಅರವತ್ತನಾಲ್ಕು. ಮಕ್ಕಳು ಡೆಸ್ಕು ಬಡಿದರು. ಎಲ್ಲರಿಗಿಂತ ಖುಷಿಯಾದವರು ಪಿ.ಟಿ. ಮೇಷ್ಟ್ರು. ಸೀಮೆಸುಣ್ಣವನ್ನು ಕೈಗೆ ಕೊಡುವಾಗ ಜೈಲಿನಿಂದ ಬಿಟ್ಟವರ ಮುಖ.

ಸಂಜೆ ಎರಡನೇ ಸಾಕೆಟ್ಟಿಗೆ ಅಚ್ಚು. ಇವರು ಮೊಂಡಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಬಿಸಿಯಾಗಿ ಗಟ್ಟಿಯಾಗುವವರೆಗೂ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಮಂಡಿಯೂರಿ ಕೂತಿದ್ದರು. ಐದಾರು ನಿಮಿಷ. ಕೈ ತೆಗೆಯುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಇದೇ ಸಮಯವೆಂದು ಬೈಯಬೇಕಾದ್ದೆಲ್ಲ ಬೈದೆ. ಎಲ್ಲ ಕೇಳಿಸಿಕೊಂಡರು.

“ತಪ್ಪಾಯ್ತು,” ಎಂದರು. “ಹೆದ್ರಿಕೆ ಆಗಿತ್ತು. ಈಗ್ಲೂ ಇದೆ. ಆದ್ರೆ ಇನ್ಮೇಲೆ ನಿಮ್ಮ ಹತ್ರಾನೇ ಹೇಳ್ತೀನಿ.”

ಡಿಸೆಂಬರ್ 6. ಆಸ್ಪತ್ರೆ

ಬಿದ್ದೆ. ಎರಡನೇ ಪಿರಿಯಡ್ ಮುಗಿಸಿ ಇಳಿಯುವಾಗ ಪಾದ ಒಳಕ್ಕೆ ತಿರುಗಿತು. ನಾಲ್ಕು ಮೆಟ್ಟಿಲು ಕೂತಂತೆಯೇ ಜಾರಿದೆ. ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದೆ. ಕಂಬಿ ಹಿಡಿಯಬೇಕು ಎಂದು ಹೊಳೆಯಲೇ ಇಲ್ಲ.

ಸ್ಕ್ಯಾನಿಂಗ್ ರೂಮಿನಲ್ಲಿ ಕಣ್ಣು ಮುಚ್ಚಿಕೊಂಡೆ. ತೆರೆಯಲು ಧೈರ್ಯವಿರಲಿಲ್ಲ. ಇವರು ಏಪ್ರನ್ನಿನಲ್ಲೇ ಓಡಿ ಬಂದಿದ್ದರು. ಬೆವರು, ಅಂಟಿನ ವಾಸನೆ. ಕಿವಿಯ ಹತ್ತಿರ ಧ್ವನಿ —

“ಕಣ್ಣು ಬಿಡು. ನನ್ನ ನೋಡು. ನೀನು ನನ್ನೊಬ್ಬನ್ನೇ ನೋಡು.”

ಆರೂವರೆ ತಿಂಗಳಲ್ಲಿ ಮೊದಲ “ನೀನು”. ಕಣ್ಣು ಬಿಟ್ಟೆ. ಆಗಲೇ ಸದ್ದು ಶುರುವಾಯಿತು. ಕುದುರೆ ಓಡಿದ ಹಾಗೆ. ಟಕಟಕ ಟಕಟಕ. ಡಾಕ್ಟರು ನಕ್ಕು, “ಒಳಗಿರೋರು ಆರಾಮಾಗಿದಾರೆ,” ಎಂದರು.

ನಾಲ್ಕು ದಿನ ರೆಸ್ಟು. ಅಳಬಾರದು ಎಂದುಕೊಂಡಿದ್ದೆ. ಇಬ್ಬರೂ ಅತ್ತೆವು.

ಡಿಸೆಂಬರ್ 11

ಹೆಡ್‌ಮಿಸ್‌ರಿಂದ ಕಾಗದ. ಸೋಮವಾರದಿಂದ ಆಫೀಸು. ಈ ಸಲ ಯಾರೂ ಕೇಳಿಕೊಂಡಿದ್ದಲ್ಲ, ಆರ್ಡರು. ನ್ಯಾಯವಾಗಿಯೇ ಇತ್ತು. ಬಿದ್ದಿದ್ದು ನಿಜ ತಾನೇ.

ಇವರು ಬೆಳಿಗ್ಗೆಯಿಂದ ಕಾಲನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದರು. ಹತ್ತು ಗಂಟೆಗೆ ಎದ್ದು ಅಂಗಿ ಬದಲಿಸಿದರು. “ನಡಿ, ಶಾಲೆಗೆ.” ಯಾರೂ ಕರೆಯದೆಯೇ ಅತ್ತೆಯೂ ಜೊತೆಗೆ ಹೊರಟರು.

ಹೆಡ್‌ಮಿಸ್‌ರ ಮೇಜಿನ ಮೇಲೆ ಇವರು ಒಂದು ಬೋಲ್ಟು ಇಟ್ಟರು.

“ಪಾದ ಹಿಡಿಯೋ ಬೋಲ್ಟ್ ಇದು ಮೇಡಂ. ಥ್ರೆಡ್ಡು ಸವೆದಿದೆ, ನೋಡಿ. ತಿಂಗಳಿಗೊಂದ್ಸಲ ಬಿಚ್ಚಿ ನೋಡ್ಬೇಕಿತ್ತು. ಸಾಕೆಟ್ ಗಡಿಬಿಡೀಲಿ ಬಿಟ್ಟೆ. ಬಿದ್ದಿದ್ದು ಇವಳ ತಪ್ಪಲ್ಲ, ನನ್ನದು. ಹೊಸದು ಹಾಕಿದೀನಿ. ಇನ್ಮೇಲೆ ಪ್ರತಿ ಭಾನುವಾರ ನೋಡ್ತೀನಿ.”

ಹದಿನಾರು ವರ್ಷದ ಕೆಲಸದಲ್ಲಿ ಒಂದು ಕಾಲೂ ವಾಪಸು ಬಂದಿಲ್ಲ ಎಂಬುದು ಇವರ ಹೆಮ್ಮೆ. ಆ ಹೆಮ್ಮೆಯನ್ನು ತೆಗೆದು ಬೋಲ್ಟಿನ ಪಕ್ಕದಲ್ಲಿಟ್ಟ ಹಾಗಿತ್ತು.

ಹೆಡ್‌ಮಿಸ್ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. “ಸುಸ್ತಾಗಿ ಬಿದ್ರೆ? ಅದಕ್ಕೆ ಯಾವ ಬೋಲ್ಟ್ ಹಾಕ್ತೀರಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ — “ಮೆಟ್ಟಿಲು ತಿರುಗೋ ಕಡೆಗೊಂದೊಂದು ಕುರ್ಚಿ ಹಾಕ್ಸಿ. ಕೂತು ಉಸಿರು ತಗೊಂಡು ಹತ್ತುತ್ತಾಳೆ. ನಿಮ್ಮಲ್ಲಿಲ್ಲ ಅಂದ್ರೆ ನಮ್ಮನೇದು ತರ್ತೀನಿ.”

“ಕುರ್ಚಿಗೇನು ಬರಗಾಲ ಇಲ್ಲ ನಮ್ಮಲ್ಲಿ,” ಎಂದರು ಹೆಡ್‌ಮಿಸ್. ನನ್ನ ಕಡೆ ತಿರುಗಿ, “ನೀವೇನಂತೀರಿ?”

“ಕಳೆದ ವರ್ಷ ಈ ತರಗತೀಲಿ ಗಣಿತ ಪಾಸಾದೋರು ಹತ್ತೊಂಬತ್ತು ಜನ ಮೇಡಂ. ಮಾರ್ಚ್‌ವರೆಗೆ ಬಿಡಿ. ಆಮೇಲೆ ನೀವು ಹೇಳಿದ ಕಡೆ ಕೂರ್ತೀನಿ.”

ಒಪ್ಪಿದರು. ಮನಸ್ಸಿಲ್ಲದ ಮನಸ್ಸಿನಿಂದ. ಒಪ್ಪಿದರು.

ಫೆಬ್ರವರಿ 17

ನಾಲ್ಕನೇ ಸಾಕೆಟ್ಟು. ಹೊಟ್ಟೆ ಅಡ್ಡ ಬಂದು ಪಾದ ಕಾಣಿಸುವುದಿಲ್ಲ, ಯಾವುದೂ. ಲೆಕ್ಕದ ಮೇಲೆ ಇಳಿಯುತ್ತೇನೆ. ಲೆಕ್ಕದ ಮೇಷ್ಟ್ರಿಗೆ ಇನ್ನೇನು ಬೇಕು.

ಕುರ್ಚಿಗಳಿಗೆ ಈಗ ಕ್ಯೂ. ಮೊದಲು ಮಂಡಿ ನೋವಿನ ವಿಜ್ಞಾನದ ಮೇಷ್ಟ್ರು ಕೂತರು. ಆಮೇಲೆ ಸಂಗೀತದ ಟೀಚರ್. ಇವತ್ತು ಎರಡನೇ ತಿರುವಿನಲ್ಲಿ ಹೆಡ್‌ಮಿಸ್ ಕೂತಿದ್ದರು. ನನ್ನನ್ನು ಕಂಡು ಎದ್ದರು. “ಕೂತ್ಕೊಳ್ಳಿ ಮೇಡಂ,” ಎಂದೆ. “ಇಲ್ಲ ಇಲ್ಲ, ಗಟ್ಟಿ ಇದೆಯಾ ಅಂತ ನೋಡ್ತಿದ್ದೆ.”

ಹಿಂದಿನ ಬೆಂಚಿನ ಹುಡುಗಿ, ವರ್ಷವಿಡೀ ತಲೆಯೆತ್ತದವಳು, ಬೋರ್ಡಿಗೆ ಬಂದು ತ್ರಿಕೋನದ ಲೆಕ್ಕ ಒಂದೇ ಉಸಿರಿಗೆ ಬಿಡಿಸಿದಳು. ಒಳಗಿನಿಂದ ಒಂದು ಒದೆ ಬಿತ್ತು. ಇವಳಿಗೂ ಒಪ್ಪಿಗೆಯಾಯಿತೇನೋ. ಇವಳು ಎಂದೇ ಬರೆಯುತ್ತಿದ್ದೇನೆ. ಯಾರೂ ಹೇಳಿಲ್ಲ.

ಏಪ್ರಿಲ್ 16

ಮೂರು ದಿನದ ಹಿಂದಿನದು. ಈಗ ಕೈಗೆ ಪೆನ್ನು ಸಿಕ್ಕಿತು.

ಬೆಳಿಗ್ಗೆ ಹನ್ನೊಂದಕ್ಕೆ ನೋವು. ಟ್ಯಾಕ್ಸಿ. ಆಸ್ಪತ್ರೆ ಬಾಗಿಲಲ್ಲಿ ನರ್ಸು ಗಾಲಿಕುರ್ಚಿ ತಂದಳು. “ಕಾಲು ತೆಗ್ದು ಕೂತ್ಕೊಳ್ಳಿ.”

“ಮಂಚದ ಹತ್ರ ತೆಗೀತೀನಿ. ಅಲ್ಲೀವರೆಗೆ ನಡೀತೀನಿ.”

“ಹಟ ಮಾಡ್ಬೇಡಿ ಅಕ್ಕಾ.”

ಇವರನ್ನು ನೋಡಿದೆ. ಹೆದರಿಕೆ ಎದ್ದು ಕಾಣುತ್ತಿತ್ತು. ತುಟಿ ಕಚ್ಚಿ ಹಿಡಿದಿದ್ದರು. ಕೊನೆಗೆ ನರ್ಸಿಗೆ ಹೇಳಿದರು — “ಕುರ್ಚಿ ಹಿಂದೇನೇ ತಗೊಂಡು ಬನ್ನಿ. ಬೇಕಾದ್ರೆ ಅವಳೇ ಕೇಳ್ತಾಳೆ.”

ಉದ್ದ ಕಾರಿಡಾರು. ಒಂದು ಕಡೆ ಇವರು, ಇನ್ನೊಂದು ಕಡೆ ಅತ್ತೆ. ನೋವು ಬಂದಾಗ ನಿಂತೆ, ಗೋಡೆ ಹಿಡಿದೆ, ಹೋದಾಗ ನಡೆದೆ. ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಖಾಲಿ ಕುರ್ಚಿ ಕಿರುಗುಟ್ಟುತ್ತ ಹಿಂದೆ ಬಂತು. ಕೇಳಲಿಲ್ಲ ನಾನು.

ಸಂಜೆ 5.20. ಹುಡುಗಿ. ಮೂರು ಕಿಲೋ ನೂರು ಗ್ರಾಂ. ಇವರು ಮೊದಲು ಎಣಿಸಿದ್ದು ಕಾಲ್ಬೆರಳು. ಎರಡು ಸಲ ಎಣಿಸಿದರು. ಆಮೇಲೆ ನಾಚಿಕೆಯಿಂದ ನನ್ನ ಮುಖ ನೋಡಿದರು.

“ಹತ್ತು?” ಎಂದೆ.

“ಹತ್ತು.”

ಅತ್ತೆ ಮಗುವನ್ನು ಎತ್ತಿಕೊಂಡು ನರ್ಸಿಗೆ ಹೇಳುತ್ತಿದ್ದರು: “ನಮ್ಮ ಸೊಸೆ ನಡ್ಕೊಂಡೇ ಬಂದಿದ್ದು.” ನರ್ಸು ತಾನೇ ಕುರ್ಚಿ ತಳ್ಳಿಕೊಂಡು ಬಂದಿದ್ದಳು, ಪಾಪ. ಆದರೂ ಹೌದಾ ಎಂದಳು.

ಮೇ 9

ಫಲಿತಾಂಶ. ಮೂವತ್ತೆಂಟಕ್ಕೆ ಮೂವತ್ತಾರು. ಹಿಂದಿನ ಬೆಂಚಿನವಳಿಗೆ ಎಪ್ಪತ್ತೊಂದು.

ಹೆಡ್‌ಮಿಸ್ ಮನೆಗೇ ಬಂದರು. ಕಾಯಂ ಆದ ಆರ್ಡರು, ಮೂರನೇ ಮಹಡಿಗೇ. ಮಗುವನ್ನು ಎತ್ತಿಕೊಳ್ಳಲು ಹೆದರಿ ಬೆರಳು ಮಾತ್ರ ಹಿಡಿದು ಕೂತರು. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಫೇಲಾದ ಎರಡು ಮಕ್ಕಳಿಗೂ ಒಂದು ದಾರಿ ಮಾಡ್ಬೇಕಲ್ಲ,” ಎಂದರು. ಅದನ್ನೇ ನಾನೂ ಯೋಚಿಸುತ್ತಿದ್ದೆ. ರಜೆ ಮುಗಿಯುವವರೆಗೆ ಮನೆಗೇ ಬರಲಿ ಎಂದೆ.

ಮೇ 24. ಮಧ್ಯಾಹ್ನ 3.30

ಮದುವೆಯಾಗಿ ಇವತ್ತಿಗೆ ಒಂದು ವರ್ಷ. ಇವರು ಕೆಲಸಕ್ಕೆ ಹೋಗಿದ್ದಾರೆ, ಬೇಗ ಬರುತ್ತಾರಂತೆ. ಅತ್ತೆ ಅಂಗಡಿಗೆ. ಮನೆಯಲ್ಲಿ ನಾವಿಬ್ಬರೇ, ಮೊದಲ ಸಲ.

ಯಾರಿಗೂ ಹೇಳದ ಒಂದು ವಿಷಯ. ನಾನು ಇವತ್ತಿನವರೆಗೆ ಮಗುವನ್ನು ಎತ್ತಿಕೊಂಡು ಒಂದು ಹೆಜ್ಜೆಯೂ ನಡೆದಿರಲಿಲ್ಲ. ಕೂತು ಎತ್ತಿಕೊಳ್ಳುವುದು, ಕೂತೇ ಇನ್ನೊಬ್ಬರ ಕೈಗೆ ಕೊಡುವುದು. ಊತ ಇಳಿದು ಸಾಕೆಟ್ಟು ಸಡಿಲ, ಹೊಸದು ಬಂದು ಬರೀ ಎಂಟು ದಿನ. ನೆಪ ಅದು. ನಿಜ ಏನೆಂದರೆ ಹೆದರಿಕೆ. ನಾನು ಬಿದ್ದರೆ ಬಿದ್ದೆ. ಕೈಯಲ್ಲಿ ಇವಳಿದ್ದರೆ?

ಮೂರು ಗಂಟೆಗೆ ಅತ್ತಳು. ಹಾಲು ಬೇಡ. ಒದ್ದೆಯಿಲ್ಲ. ಕೂತು ತೂಗಿದೆ, ನಿಲ್ಲಿಸಲಿಲ್ಲ. ಬೆಳಕು ಬೇಕಿತ್ತು, ಕಿಟಕಿಯ ಕಡೆಗೇ ಕುತ್ತಿಗೆ ತಿರುಗಿಸುತ್ತಿದ್ದಳು.

ಎರಡು ಸಲ ನೆಲಕ್ಕೆ ಗುದ್ದಿದೆ. ಎತ್ತಿಕೊಂಡೆ. ನಿಂತೆ.

ಮಂಚದಿಂದ ಕಿಟಕಿಗೆ ಹದಿನಾಲ್ಕು ಹೆಜ್ಜೆ. ಆರನೆಯದಕ್ಕೆ ಅಳು ನಿಂತಿತು. ಹತ್ತನೆಯದಕ್ಕೆ ನನ್ನ ಉಸಿರು ಬಂತು. ಕಿಟಕಿಯಲ್ಲಿ ನಿಂತು ಬೀದಿ ತೋರಿಸಿದೆ — ಸೈಕಲ್ಲು, ನಾಯಿ, ಎದುರು ಮನೆಯ ಒಗೆದ ಬಟ್ಟೆ. ವಾಪಸು ಹದಿನಾಲ್ಕು. ಮಲಗಿಸಿದೆ. ಇಂಥ ಖುಷಿ ಮೂವತ್ತಾರಕ್ಕೂ ಆಗಿರಲಿಲ್ಲ, ಆರ್ಡರಿಗೂ ಆಗಿರಲಿಲ್ಲ.

ಮತ್ತೆ ಎಚ್ಚರವಾದಳು. ನನ್ನನ್ನಲ್ಲ, ಕಿಟಕಿಯನ್ನು ನೋಡುತ್ತಿದ್ದಾಳೆ. ರುಚಿ ಹತ್ತಿತು. ಬಂದೆ ಬಂದೆ, ಈ ಸಲ ಬಾಗಿಲವರೆಗೂ ಹೋಗಿ…