ಬೆಂಡು ನೀರಿನಲ್ಲಿರುವಾಗ

ನವೆಂಬರ್ 9, ಭಾನುವಾರ

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಊಟಕ್ಕೆ ಕೂತಾಗಲೂ ಅದೇ ಕೊರೆತ.

ಟ್ಯಾನರ್ ಹಳ್ಳ ಕಿರಿದು, ಸೆಳೆತ ಜೋರು. ಅಲ್ಲಿ ಒಂದು ಮಡುವಿಗೆ ಒಂದೇ ಗಾಳ. ಅಣ್ಣ ಡೆಲ್ಬರ್ಟ್ ಒಮ್ಮೆ ಬಿಟ್ಟರೆ ಮುಂದಿನ ಸರದಿ ನನ್ನದು. ಒಬ್ಬರ ಗಾಳದ ದಾರಕ್ಕೆ ಕಟ್ಟಿದ ಬೆಂಡು ನೀರಿನಲ್ಲಿರುವಾಗ ಇನ್ನೊಬ್ಬರು ಮಾತಾಡುವಂತಿಲ್ಲ. ಮೂವತ್ತು ವರ್ಷದಿಂದ ನಾವು ಹಾಗೇ.

ಬೆಂಡಿನ ಕಿತ್ತಳೆ ತುದಿ ನೊರೆಯ ಜೊತೆ ತೇಲುತ್ತಾ ಸೀಡರ್ ಮರಗಳ ನೆರಳಿಗೆ ಹೋಗುವುದನ್ನು ನೋಡುತ್ತಿದ್ದರೆ ನಾನೇ ತೇಲುತ್ತಿದ್ದೇನೆ ಅನ್ನಿಸುತ್ತದೆ. ಇವತ್ತು ಆ ನೆರಳಿನಲ್ಲಿ ಅಣ್ಣನ ಬೆಂಡು ಎರಡು ಸಲ ಮುಳುಗಿತು. ಮೀನು ಕಚ್ಚಿದ ಗುರುತು ಅದು; ಆದರೂ ಎರಡು ಸಲವೂ ಅವನು ಗಾಳದ ಕೋಲು ಎತ್ತಲಿಲ್ಲ.

"ಒಂದೂ ಮುಟ್ತಿಲ್ವಲ್ಲೇ ವೀಡಾ. ನೀನು ಗಾಳಕ್ಕೆ ಕಟ್ಟಿದ ಮೀನ್ಮೊಟ್ಟೆ ಗಂಟು ಹಳಸಿರ್ಬೇಕು," ಅಂದ.

ಅವನಿಗೆ ಬೆಂಡು ಕಾಣುತ್ತಿಲ್ಲ ಎಂದು ಆಗ ಹೊಳೆಯಿತು.

ಮೂರನೆಯ ಸಲ ಮುಳುಗಿದಾಗ ತಡೆಯಲಾಗದೆ "ಈಗ" ಅಂದುಬಿಟ್ಟೆ. ಅಣ್ಣ ಕೋಲು ಎತ್ತಿದ. ಬೆಳ್ಳಿಯಂಥ ಸ್ಟೀಲ್‌ಹೆಡ್ ಮೀನು ನೀರಿನಿಂದ ಜಿಗಿದು, ಒಂದು ಕ್ಷಣ ಗಾಳಿಯಲ್ಲೇ ನಿಂತಂತೆ ಕಂಡು, ಗಾಳ ಕಳಚಿಕೊಂಡು, ಹಳ್ಳ ಹೋಗಿ ಸೇರುವ ಸರೋವರದ ಕಡೆಗೆ ಹೋಯಿತು. ಅಣ್ಣ ನನ್ನ ಕಡೆ ತಿರುಗಲಿಲ್ಲ. ದಾರ ಸುತ್ತಿಕೊಂಡು ಸೀದಾ ಕಾರಿನ ಕಡೆ ನಡೆದ. ಅವನ ಗುಟ್ಟನ್ನು ನಾನೇ ಬಯಲು ಮಾಡಿದ ಹಾಗಾಯಿತು.

ಇಷ್ಟು ಬರೆಯುವಾಗ ಫೋನ್ ಬಂತು. ಅವನೇ.

"ಮಲಗಿದ್ಯಾ?"

"ಇಲ್ಲ."

"ಇವತ್ತು ತಡ ಮಾಡ್ದೆ ನೀನು. ಮುಂದಿನ್ವಾರ ಒಂಚೂರು ಬೇಗ ಹೇಳು," ಅಂದು ಇಟ್ಟುಬಿಟ್ಟ.

ದೀಪ ಆರಿಸಬೇಕು. ಕಣ್ಣು ಮುಚ್ಚಿದರೆ ಆ ಕಿತ್ತಳೆ ಚುಕ್ಕೆ ಇನ್ನೂ ತೇಲುತ್ತಿದೆ, ನೊರೆ ದಾಟಿತು, ನೆರಳಿನ ಹತ್ತಿರ ಬಂತು, ಅಣ್ಣಾ, ಈಗ