ಕೆಂಪು ಸೆರಗಿಗೆ ಪಕ್ಷ ಅಂಟಿಸಿದವರ ಕಾವಲುಗಾರರಿಗೆ

ಅಂತರ್ಜಾಲ ಚರ್ಚಾಕೂಟದ ಮಾನ್ಯ ನಿರ್ವಾಹಕರೇ,

ನನ್ನ ಸೀರೆಗಳನ್ನು ಕೊಳ್ಳಬೇಡಿ ಎಂಬ ಕರೆಯನ್ನು ‘ಗ್ರಾಹಕರ ಅಭಿಪ್ರಾಯ’ ಎಂದು ಉಳಿಸಿಕೊಂಡಿರಿ. ಅದಕ್ಕೆ ನಾನು ಬರೆದ ಉತ್ತರವನ್ನು ‘ರಾಜಕೀಯ’ ಎಂದು ಅಳಿಸಿದಿರಿ. ಇಂಥ ತಕ್ಕಡಿಯನ್ನು ಯಾವ ಸಂತೆಯಲ್ಲಿ ಕೊಂಡಿರಿ? ನಿಮ್ಮ ಕೈಯಲ್ಲಿ ಅಳಿಸುವ ಗುಂಡಿ ಇದೆಯೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಇದನ್ನು ಅಳಿಸಬೇಕಾದರೆ ರಬ್ಬರು ಹಿಡಿದು ಮನೆಮನೆ ತಿರುಗಬೇಕಾದೀತು.

ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಹುನಗುಂದ ಕೇಂದ್ರಕ್ಕೇ ಮೊದಲಿಗ. ಇಳಕಲ್ಲಿನ ‘ರತ್ನವ್ವ ಸೀರೆ’ ನನ್ನದೇ. ಹೆಸರು ಹೆಂಡತಿಯದು, ಕೀರ್ತಿ ನನ್ನದು. ಈ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ನಮ್ಮ ಓಣಿಗೆ ಬಂದು ಕೈಮಗ್ಗ ಉಳಿಸುವುದಾಗಿ ಗುಡುಗಿದರು, ಹೆಗಲ ಮೇಲೆ ಮಿಲ್ಲಿನ ಶಾಲು! ಶಾಬುದ್ದೀನನ ಸೈಬರ್ ಕೆಫೆಯಲ್ಲಿ ಕುಳಿತು ಆ ಶಾಲಿನ ಬಗ್ಗೆ ನಿಮ್ಮ ಕೂಟದಲ್ಲಿ ನಾಲ್ಕು ಸಾಲು ಬರೆಸಿದೆ. ಅಷ್ಟೇ ಸಾಕಾಯಿತು. ಅವರ ಅಭಿಮಾನಿಯೊಬ್ಬರು ನನ್ನ ಸೀರೆಯ ಚಿತ್ರ ಹಾಕಿ, ಸೆರಗು ಕೆಂಪಗಿದೆ, ಇವನು ಕೆಂಪು ಬಾವುಟದವನು, ಇವನ ಸೀರೆ ಕೊಳ್ಳಬೇಡಿ ಎಂದು ಕರೆಕೊಟ್ಟರು. ಸ್ವಾಮಿ, ಇಳಕಲ್ ಸೀರೆಗೆ ಕೆಂಪು ಸೆರಗು ನಮ್ಮಜ್ಜನಿಗಿಂತ ಹಳೆಯದು. ಈ ಲೆಕ್ಕದಲ್ಲಿ ಆ ಅಭ್ಯರ್ಥಿಯ ತಾಯಿಯವರೂ ಮದುವೆಯ ದಿನವೇ ಕ್ರಾಂತಿಗೆ ಇಳಿದಿರಬೇಕಲ್ಲವೇ? ಇದನ್ನೇ ಬರೆದೆ. ನೀವು ಅಳಿಸಿದಿರಿ.

ಮರುವಾರ ಬಾಗಲಕೋಟೆಯ ಅಂಗಡಿಕಾರ ಮಲಕಪ್ಪ ಫೋನು ಮಾಡಿದ. “ಅಂದಾನಪ್ಪಣ್ಣ, ನಿನ್ನ ಸೀರಿ ಭಾಳ ಛಲೋ ಅದಾವ. ಆದ್ರ ಸೀರಿ ಜೋಡಿ ನಿನ್ನ ಬಾಯೀನೂ ಬರತೈತಲ್ಲೋ! ಸದ್ಯಕ್ಕ ಕಳಸಬ್ಯಾಡ.”

ಆಗ ನಾನೊಂದು ಜಾಣತನ ಮಾಡಿದೆ. ಯಾರ ಬಾವುಟವನ್ನೂ ಹೋಲದಿರಲಿ ಎಂದು ಬಿಳಿ ಸೆರಗಿನ ಸೀರೆ ನೇಯಿಸಿದೆ. ರತ್ನವ್ವ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

“ಏನ್ರಿ, ಇದನ್ನ ಯಾವ ಮದುಮಗಳು ಉಡತಾಳ್ರಿ? ಅದೂ ನನ್ನ ಹೆಸರಿನ ಸೀರಿಗೆ ಬಿಳಿ ಸೆರಗು! ನೀವಿನ್ನೂ ಜೀವಂತ ಅದೀರಿ ಅನ್ನೂದು ನೆನಪೈತೋ ಇಲ್ಲೋ?”

ನಿಷ್ಪಕ್ಷಪಾತ ಎಂದರೇನೆಂದು ನನಗೆ ಅಂದು ತಿಳಿಯಿತು.

ಇನ್ನೊಂದು ಸಂಗತಿ ಕೇಳಿ. ಬೇಡಿಕೆ ನಿಂತಾಗ ಮೊದಲು ನಿಂತದ್ದು ನನಗೆ ಸೀರೆ ನೇಯ್ದುಕೊಡುವ ಶಿವಪುತ್ರನ ಮಗ್ಗ. ಅವನು ಆ ಅಭ್ಯರ್ಥಿಯ ಕಟ್ಟಾ ಭಕ್ತ. ಓಟು ಹಾಕಿದ್ದೂ ಅವರಿಗೇ. ಖಾಲಿ ಕೈಯಲ್ಲಿ ಬಂದು ನನ್ನ ಕಟ್ಟೆಯ ಮೇಲೆ ಕುಳಿತ. “ಕಾಕಾ, ಆ ಶಾಲು ಯಾರೋ ಹೊಚ್ಚಿದ್ದು, ಅವರ ತಪ್ಪಲ್ಲ. ನೀ ಬರದದ್ದು ಖೊಟ್ಟಿ. ಅದಿರ್ಲಿ, ನಾ ಏನ್ ಮಾಡೇನಿ? ನನ್ನ ಮಗ್ಗ ಯಾಕ ನಿಂತತಿ?”

ಅವನ ಈ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮ್ಮಲ್ಲಿ ಉತ್ತರ ಇದೆಯೇ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಆ ಕರೆ ಇದ್ದಲ್ಲೇ ಇರಲಿ. ಅದರ ಕೆಳಗೆ ನನ್ನ ಉತ್ತರವನ್ನು, ಬೇಕಿದ್ದರೆ ಅದರಲ್ಲಿದ್ದ ಒಂದು ಬೈಗುಳವನ್ನು ಕೈಬಿಟ್ಟು, ಮತ್ತೆ ಹಾಕಿ. ಅದರ ಕೆಳಗೆ ಶಿವಪುತ್ರ ನನ್ನನ್ನು ತರಾಟೆಗೆ ತೆಗೆದುಕೊಳ್ಳಲಿದ್ದಾನೆ, ಅದನ್ನೂ ಅಳಿಸಬೇಡಿ. ವಾದದಲ್ಲಿ ಅವನೇ ಗೆಲ್ಲಲಿ, ನನ್ನ ಅಡ್ಡಿಯಿಲ್ಲ. ಆದರೆ ಮಗ್ಗಕ್ಕೆ ಕುಳಿತು ಗೆಲ್ಲಲಿ.

ಇಂತಿ,
ಸದ್ಯ ಮನೆಯಲ್ಲೂ ಅಪ್ಪಣೆ ಪಡೆದೇ ಬಾಯಿ ತೆರೆಯುತ್ತಿರುವ
ಅಂದಾನಪ್ಪ
ಇಳಕಲ್, ೨೦೦೮