ಗೆರೆಯ ಮೇಲೆ ಎರಡು ಗುರುತು

ಅಂಗಡಿಯ ಹಿಂದಿನ ಕೋಣೆ,
ಜೂನ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲೂ ರೇಡಿಯೋ ಹಾಕಿಕೊಂಡೇ ಗೊರಕೆ ಹೊಡೆಯುತ್ತಾರಾ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಫೋನಿನಲ್ಲಾದರೆ ನಿನ್ನನ್ನೂ ನಗಿಸಿ ತಪ್ಪಿಸಿಕೊಳ್ಳುತ್ತೇನೆ, ಅದಕ್ಕೇ ಈ ಕಾಗದ.

ಆ ಮುದುಕ ಮೇಷ್ಟ್ರು ನನ್ನ ಕ್ಷೌರದ ಕುರ್ಚಿಯಲ್ಲೇ ತೀರಿಕೊಂಡದ್ದು ನಿನಗೆ ಗೊತ್ತು. ಮುಖಕ್ಕೆ ನೊರೆ ಹಚ್ಚುತ್ತಾ ನಾನು ಕತೆ ಹೇಳುತ್ತಲೇ ಇದ್ದೆ, ಅವರು ಕೇಳುತ್ತಿದ್ದಾರೆ ಎಂದುಕೊಂಡೇ ಇದ್ದೆ. ಅಂದಿನಿಂದ ಯಾರ ಕುತ್ತಿಗೆಯ ಹತ್ತಿರವೂ ಕತ್ತಿ ಒಯ್ಯಲು ಕೈ ಬರುತ್ತಿಲ್ಲ. ಅಂಗಡಿಯ ಬಾಗಿಲು ಹಾಕಿದೆ. ಡಾಕ್ಟರು ಆಸ್ಪತ್ರೆಯ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ನಿನ್ನ ದೊಡ್ಡ ಮಗಳ ವಯಸ್ಸಿನ ಹುಡುಗಿ. ಮಾತು ಮುಗಿದ ಮೇಲೆ ಆಕೆ ಒಂದು ಚೀಟಿ ಕೊಡುತ್ತಾಳೆ. ಅದರಲ್ಲೊಂದು ಉದ್ದನೆಯ ಗೆರೆ. ಎಡತುದಿಯಲ್ಲಿ ‘ನನ್ನ ಮಾತು ಇವರಿಗೆ ಮುಟ್ಟಲೇ ಇಲ್ಲ’, ಬಲತುದಿಯಲ್ಲಿ ‘ಪೂರ್ತಿ ಮುಟ್ಟಿತು’. ನಮ್ಮಿಬ್ಬರ ನಡುವಿನ ನಂಟು ಎಷ್ಟು ಕೂಡಿದೆ ಎಂದು ಅಳೆಯುವುದಕ್ಕಂತೆ. ನಾನು ಪ್ರತಿ ಸಲವೂ ಬಲತುದಿಗೇ ಗೀಚುತ್ತಿದ್ದೆ. ಕ್ಷೌರ ಮುಗಿಸಿ ತಲೆಯ ಹಿಂದೆ ಕನ್ನಡಿ ಹಿಡಿದರೆ ಯಾವ ಗಿರಾಕಿ ತಾನೇ ಚೆನ್ನಾಗಿಲ್ಲ ಅನ್ನುತ್ತಾನೆ? ಕಡಿಮೆ ಹಾಕಿದರೆ ಮೇಲಿನವರು ಆ ಮಗುವನ್ನು ಬೈದಾರು ಎಂಬ ಕನಿಕರ ಬೇರೆ. ಆಕೆಯ ಕೋಣೆಯೊಳಗೆ ನಾನು ಮಾಡುತ್ತಿದ್ದುದಾದರೂ ಏನು? ಅರ್ಧ ಮೀಸೆ ಬೋಳಿಸಿಕೊಂಡೇ ಕಳ್ಳನ ಹಿಂದೆ ಓಡಿದ ಪೊಲೀಸಪ್ಪನ ಕತೆ, ಅಂಥವೇ ಇನ್ನಷ್ಟು. ಆಕೆ ನಗುತ್ತಿದ್ದಳು.

ಈ ವಾರ ತನ್ನ ಚೀಟಿಯನ್ನೂ ತೋರಿಸಿದಳು ಅಕ್ಕಾ. ಆಕೆಯೂ ಗುರುತು ಹಾಕುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನದು ಬಲತುದಿಯಲ್ಲಿ, ಆಕೆಯದು ಎಡತುದಿಯಿಂದ ಒಂದು ಬೆರಳು ಈಚೆ. “ಬೇಜಾರು ಮಾಡ್ಕೋಬೇಡಿ ಅಂಕಲ್. ನಿಮ್ಮ ಕತೆಗಳು ವಾರ ವಾರ ಬರ್ತಾ ಇವೆ, ನೀವು ಇನ್ನೂ ಬಂದಿಲ್ಲ” ಎಂದಳು. “ಬಸ್ಸು ತಡ ಆಯ್ತಮ್ಮಾ” ಎಂದೆ. ಆಕೆ ನಗಲಿಲ್ಲ.

ಸೋಮವಾರ ಮತ್ತೆ ಹೋಗಬೇಕು. ಒಳಗಿರುವುದನ್ನು ತನ್ನ ಹತ್ತಿರ ಹೇಳಲು ಆಗದಿದ್ದರೆ ಬೇರೆಯವರ ಹತ್ತಿರ ಕಳಿಸುತ್ತಾಳಂತೆ, ಅದು ಶಿಕ್ಷೆ ಅಲ್ಲವಂತೆ. ಆಕೆಯೂ ಕೈಬಿಟ್ಟರೆ ನಾನು ಯಾರ ಮುಂದೆ ಹೋಗಿ ಕೂರಲಿ? ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆರೆ, ನುಂಗಲೂ ಆರೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಮಾಮನ ಆಶೀರ್ವಾದ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ಬಾಯಿಬಡುಕ ತಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಬೆಳಿಗ್ಗೆ ಅಂಗಡಿಯ ಕತ್ತಿಗಳನ್ನೆಲ್ಲ ಪಕ್ಕದ ದರ್ಜಿಗೆ ಕೊಟ್ಟು, ಬೀರುವಿನಲ್ಲಿಟ್ಟು ಬೀಗ ಹಾಕು, ನಾನೇ ಬಂದು ಕೇಳಿದರೂ ಕೊಡಬೇಡ ಎಂದೆ. ತಮಾಷೆಯೆಂದು ಅವನು ನಕ್ಕ. ಬೇರೆಯವರ ಕುತ್ತಿಗೆಗೆ ಹೆದರಿ ಕೊಟ್ಟದ್ದಲ್ಲ ಅಕ್ಕಾ. ಇದನ್ನು ಆಸ್ಪತ್ರೆಯ ಆ ಹುಡುಗಿಗೆ ಹೇಳಿಲ್ಲ. ಈ ಕಾಗದವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಗೆ ನಿನಗೆ ಸಿಗುತ್ತದೆ. ಅದೇ ಬಸ್ಸು ಮರಳುವಾಗ ಹತ್ತಿ ಬಾ. ಸೋಮವಾರ ನನ್ನ ಜೊತೆ ಒಳಗೆ ಬಂದು ಕೂತುಕೋ. ನಾನು ಕತೆ ಶುರು ಮಾಡಿದರೆ, ನೀನೇ ಹೇಳಿಬಿಡು.